ಕತ್ತಲಲ್ಲಿ ಕೊಟ್ಟ ತಟ್ಟೆ

ಇದನ್ನು ಬರೆಯಲು ನನಗೇನು ಅರ್ಹತೆ ಎಂದು ನಾಲ್ಕು ಸಲ ಹಾಳೆ ಹರಿದಿದ್ದೇನೆ. ಸಂಜೆ ತರಗತಿಯಲ್ಲಿ ಕಲಿತ ಬರವಣಿಗೆ, ತಪ್ಪಿದ್ದರೆ ಕ್ಷಮಿಸಿ.

ಅಪ್ಪ ಯುದ್ಧದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು. ಶತ್ರುಗಳ ಮುತ್ತಿಗೆ ಮುಗಿದ ದಿನದ ನೆನಪಿಗೆ ಅವರ ತುಕಡಿಯವರೆಲ್ಲ ಪ್ರತಿವರ್ಷ ಸಂಘದ ಹಾಲ್‌ನಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಶತ್ರುವಿಗೆ ಸುಳಿವು ಸಿಗಬಾರದೆಂದು ಕಂದಕದಲ್ಲಿ ದೀಪವಿಲ್ಲದೆ, ಮಾತಿಲ್ಲದೆ ತಿನ್ನುತ್ತಿದ್ದರಂತೆ. ಅದಕ್ಕೇ ಮೊದಲು ಬಾಗಿಲು ಹಾಕಿ ದೀಪ ಆರಿಸುತ್ತಾರೆ. ಪ್ರತಿಯೊಬ್ಬ ಸೈನಿಕನೂ ಬ್ರೆಡ್ಡು, ತಣ್ಣನೆ ಆಲೂಗಡ್ಡೆ ಇಟ್ಟ ತಟ್ಟೆಯನ್ನು ಎಡಗಡೆಯವರ ಕೈಗೆ ಕೊಡುತ್ತಾನೆ. ತನ್ನ ಎಡಗಡೆ ಮನೆಯವರಲ್ಲಿ ಯಾರು ಕೂರಬೇಕೆಂದು ಆರಿಸುವವನು ಅವನೇ.

ಈ ಸಲ ಐವತ್ತನೇ ವರ್ಷ. ಅಪ್ಪ ಅಕ್ಕನನ್ನು ಆರಿಸಿದರು.

ಒಂಬತ್ತು ವರ್ಷದಿಂದ ಅಪ್ಪನ ಔಷಧಿ, ಸ್ನಾನ, ಸಿಡುಕು ಎಲ್ಲ ನನ್ನ ಪಾಲು. ಅಕ್ಕ ಬರುವುದು ವರ್ಷಕ್ಕೊಮ್ಮೆ.

"ಏನೇ, ಹರಳೆಣ್ಣೆ ಕುಡಿದೋಳ ಥರ ಮುಖ ಮಾಡ್ಕೊಂಡಿದ್ದೀಯ?" ಅಂದಳು ಅಕ್ಕ.

"ನೀನು ಬಂದ್ಯಲ್ಲ. ಇನ್ನು ಅಪ್ಪಂಗೆ ನಾನ್ಯಾಕೆ?"

ಅಪ್ಪನ ಗೆಳೆಯ ಮೀಸೆ ಮಾವ ನಕ್ಕರು. "ಸುಮ್ನಿರ್ರಮ್ಮ! ಆ ಶತ್ರುಗಳೇ ವಾಸಿ, ಊಟದ ಹೊತ್ತಿಗಾದ್ರೂ ಸುಮ್ನಾಗೋರು."

ಎಲ್ಲರೂ ಕೂತರು. ಅಕ್ಕ ಅಪ್ಪನ ಎಡಕ್ಕೆ, ನಾನು ಅವಳ ಪಕ್ಕಕ್ಕೆ. ಬಾಗಿ ಅವಳ ಕಿವಿಯಲ್ಲಿ ಹೇಳಿದೆ: "ಹಾಲ್‌ನ ಆಫೀಸಲ್ಲಿ ನಿಂಗೆ ಫೋನ್ ಬಂದಿದೆಯಂತೆ. ನಿಮ್ಮನೆಯಿಂದ. ಬೇಗ ಹೋಗು."

ಅಕ್ಕ ಗಾಬರಿಯಿಂದ ಎದ್ದು ಓಡಿದಳು. ಬಾಗಿಲು ಹಾಕಿದರು, ದೀಪ ಆರಿತು. ನಾನು ಅವಳ ಕುರ್ಚಿಗೆ ಸರಿದೆ.

ತಟ್ಟೆ ಬಂತು. ಅದರಡಿಯಲ್ಲಿ ಅಪ್ಪನ ಬೆರಳುಗಳು ನನ್ನ ಬೆರಳನ್ನು ಹಿಡಿದವು. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು ನಾನು; ಸೋಡಾ ತಾಗಿ ಒರಟಾದ ಬೆರಳುಗಳು ನನ್ನವು. ಅಪ್ಪ ಬಿಡಲಿಲ್ಲ, ಒಮ್ಮೆ ಬಿಗಿಯಾಗಿ ಅದುಮಿದರು. ಹಾಗೆ ಅವರು ಯಾವತ್ತೂ ನನ್ನ ಕೈ ಹಿಡಿದಿರಲಿಲ್ಲ.

ದೀಪ ಹತ್ತಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ತಿನ್ನು" ಅಂದರು, ಅಷ್ಟೇ.

ಮಾರನೆಯ ದಿನ ಅಕ್ಕನ ಬಳಿ ತಪ್ಪೊಪ್ಪಿಕೊಂಡೆ. "ಕೇಳಿದ್ರೆ ನಾನೇ ಎದ್ದು ಜಾಗ ಕೊಡ್ತಿದ್ದೆ ಕಣೇ," ಅಂದಳು. "ಮಕ್ಕಳಿಗೇನಾಯ್ತೋ ಅಂತ ನನ್ನ ಜೀವವೇ ಹೋಗಿತ್ತು." ಇನ್ನೂ ನನ್ನೊಡನೆ ಮೊದಲಿನಂತೆ ಮಾತಾಡುತ್ತಿಲ್ಲ.

ಅಪ್ಪ ಕೈ ಅದುಮಿದ್ದು ನಾನೆಂದು ತಿಳಿದೋ, ಅಕ್ಕ ಅಂದುಕೊಂಡೋ, ನನಗೆ ಗೊತ್ತಿಲ್ಲ. ದಿನಾ ಔಷಧಿ ಕೊಡುವಾಗ ಕೇಳಬೇಕೆನಿಸುತ್ತದೆ. ಕೇಳಿಲ್ಲ.