ರಾಹುಕಾಲದ ಟಿಕೆಟ್ಟು

ಅಲಾಸ್ಕಾ ಕ್ರೂಸಿನಲ್ಲಿ ಕರಡಿ ಕಾಣಬೇಕಾದರೆ ಸಾಲ್ಮನ್ ಮೀನು ಹೊಳೆ ಹತ್ತುವ ಆಗಸ್ಟಿನಲ್ಲೇ ಹೋಗಬೇಕು, ಹಡಗಿನಿಂದ ಇಳಿದು ದಡದ ಹತ್ತಿರ ಸುಳಿಯುವ ಸಣ್ಣ ದೋಣಿಯನ್ನೇ ಹಿಡಿಯಬೇಕು. ಆರು ತಿಂಗಳು ತಲೆ ಕೆಡಿಸಿಕೊಂಡು ಇದನ್ನೆಲ್ಲ ಹುಡುಕಿದವಳು ಮಿಲ್ಪಿಟಾಸಿನ ಜಲಜಾ. ಪಕ್ಕದ ಮನೆಯ ನಿವೇದಿತಾಗೆ ಹೇಳದಿದ್ದರೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ದೋಣಿಯಲ್ಲಿ ನಾಲ್ಕೇ ಸೀಟು ಉಳಿದಿದ್ದ ಸೋಮವಾರ ಬೆಳಿಗ್ಗೆ ನಿವೇದಿತಾಳೇ ತಡೆದಿದ್ದಳು: "ಈಗ ರಾಹುಕಾಲ ಕಣೆ, ಒಂಬತ್ತರ ಮೇಲೆ ಇಬ್ರೂ ಸೇರಿ ಬುಕ್ ಮಾಡೋಣ." ಒಂಬತ್ತಕ್ಕೆ ನೋಡಿದರೆ ಒಂದು ಸೀಟೂ ಇರಲಿಲ್ಲ.

ಎರಡೂ ಮನೆಯವರು ಹೊರಟಿದ್ದ ಹಡಗು ಅಲಾಸ್ಕಾ ಮುಟ್ಟಿದ ದಿನ ನಿವೇದಿತಾ ಬಂದು ಜಲಜಾಳ ಕ್ಯಾಬಿನ್ನಿನ ಬಾಗಿಲು ತಟ್ಟಿದಳು. "ಆ ದೋಣೀಲಿ ನಮ್ಮ ನಾಲ್ಕೂ ಜನಕ್ಕೆ ಹೇಗೋ ಸೀಟು ಸಿಕ್ತು ಕಣೆ. ನಿನ್ನ ಬೈನಾಕ್ಯುಲರ್ ಕೊಡ್ತೀಯಾ?" ಕೈಯಲ್ಲಿದ್ದ ಟಿಕೆಟ್ಟಿನ ಮೇಲೆ ಬುಕ್ ಮಾಡಿದ ಹೊತ್ತು ಅಚ್ಚಾಗಿತ್ತು: ಅದೇ ಸೋಮವಾರ, ಎಂಟೂ ಹತ್ತು.

"ಬೈನಾಕ್ಯುಲರ್ ಯಾಕೆ? ರಾಹುಕಾಲದಲ್ಲಿ ತಗೊಂಡ ಟಿಕೆಟ್ಟು. ಕರಡಿ ಮೈಮೇಲೇ ಬರುತ್ತೆ ಬಿಡು," ಎಂದು ಜಲಜಾ ಬಾಗಿಲು ಹಾಕಿಕೊಂಡಳು.