ಕಂದು ಮೊಟ್ಟೆ

ರಾಜಲಕ್ಷ್ಮಮ್ಮ ಬೆಳಿಗ್ಗೆ ಎದ್ದವಳೇ ಹಿತ್ತಲಿನ ಒಲೆಯ ಮೇಲೆ ಟೀ ಸೊಪ್ಪು ಕುದಿಸುತ್ತಿದ್ದಳು. ಕುಡಿಯುವುದಕ್ಕಲ್ಲ. ಆ ಡಿಕಾಕ್ಷನ್ನಿನಲ್ಲಿ ಫಾರಂನ ಬಿಳಿ ಮೊಟ್ಟೆಗಳನ್ನು ನೆನೆಹಾಕಿ ತೆಗೆದರೆ ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಅವನ್ನೇ ನಾಟಿ ಮೊಟ್ಟೆ ಎಂದು ಮಧುಗಿರಿಯ ಬೀದಿಗಳಲ್ಲಿ ದುಪ್ಪಟ್ಟು ಬೆಲೆಗೆ ಮಾರುತ್ತಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವ ಜನ, ಕಂದಾಗಿರುವುದೆಲ್ಲ ನಾಟಿ ಎಂದು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು.

ಮೊದಲು ಅವಳು ಹೀಗಿರಲಿಲ್ಲ. ತಿಪ್ಪೆ ಕೆದಕಿ, ಹುಳುಹುಪ್ಪಟೆ ತಿಂದು, ಬಿಸಿಲಲ್ಲಿ ಮಣ್ಣಿನಲ್ಲಿ ಹೊರಳಾಡುವ ಕೋಳಿಗಳು ಅವಳ ಮನೆ ತುಂಬ ಇದ್ದವು. ಹೋದ ವರ್ಷ ಕೊಕ್ಕರೆ ರೋಗ ಬಂದು ವಾರದೊಳಗೆ ಎಲ್ಲವೂ ಸತ್ತವು. ಗಿರಾಕಿಗಳು ಮಾತ್ರ ಬಾಗಿಲಿಗೆ ಬರುವುದು ನಿಲ್ಲಲಿಲ್ಲ. ಅವರಿಗೆ ನಿಜ ಹೇಳುವ ಬದಲು ಅವಳು ಕೊರಟಗೆರೆ ರಸ್ತೆಯ ಫಾರಂಗೆ ಹೋದಳು.

ಅಲ್ಲಿ ಒಂದೊಂದು ತಂತಿ ಗೂಡಿನಲ್ಲಿ ನಾಲ್ಕು ಕೋಳಿ. ರೆಕ್ಕೆ ಬಿಚ್ಚುವಷ್ಟೂ ಜಾಗವಿಲ್ಲ. ಒಂದು ಕೋಳಿಯ ಉಗುರು ಬೆಳೆದು ತಂತಿಗೆ ಸುತ್ತಿಕೊಂಡಿತ್ತು. ಪುಕ್ಕ ಉದುರಿ ಮೈ ಕೆಂಪಗಾಗಿದ್ದ ಅದು ಕಾಲು ಕೀಳಲಾರದೆ ಅಲ್ಲೇ ಮೊಟ್ಟೆ ಇಟ್ಟಿತ್ತು. ಆಳು ಆ ಮೊಟ್ಟೆಯನ್ನೂ ಎತ್ತಿ ಟ್ರೇಗೆ ಹಾಕಿದ. ರಾಜಲಕ್ಷ್ಮಮ್ಮ ಅದನ್ನು ಕೈಗೆತ್ತಿಕೊಂಡಳು.

"ಇದ್ರಾಗೆ ಏನಾರ ಸತ್ವ ಐತಾ ಸಾಮಿ?" ಎಂದು ಫಾರಂ ನೋಡಿಕೊಳ್ಳುವ ರೇಣುಕಪ್ರಸಾದನನ್ನು ಕೇಳಿದಳು.

"ಯಾಕಿಲ್ಲಮ್ಮ? ಹೊರಗೆ ಮೇಯೋ ಕೋಳಿ ಸೊಪ್ಪು, ಹುಳ ತಿಂತದೆ, ಬಿಸಿಲಲ್ಲಿ ಓಡಾಡ್ತದೆ. ಅದ್ಕೆ ಅದ್ರ ಹಳದಿ ರಂಗಾಗಿರ್ತದೆ, ಒಂದೆರಡು ವಿಟಮಿನ್ನೂ ಜಾಸ್ತಿ. ಮೈ ಬೆಳೆಸೋ ಪ್ರೋಟೀನು ಎರಡ್ರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬಡವ್ರು ಮೊಟ್ಟೆ ತಿನ್ನಂಗಾಗಿದ್ದೇ ಈ ಗೂಡುಗಳಿಂದ. ಕೋಳಿ ಪಾಡು ನೋಡಕ್ಕಾಗಲ್ಲ, ಅದು ಬೇರೆ ಮಾತು."

ಸತ್ವ ಇದೆಯಲ್ಲ, ಇನ್ನೇನು ಮೋಸ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವಳು ಟ್ರೇ ಹೊತ್ತು ತಂದಿದ್ದಳು. ಆ ಸಮಾಧಾನ ಇಷ್ಟು ದಿನ ನಡೆದಿತ್ತು.

ಇವತ್ತು ಕೋಟೆ ಕೆಳಗಿನ ಬೀದಿಗೆ ಬಂದಾಗ ಧನಲಕ್ಷ್ಮಿ ತನ್ನ ಮನೆ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ಏಳು ತಿಂಗಳು. ಮೊದಲ ಕೂಸು ಹುಟ್ಟುವ ಮೊದಲೇ ಹೋಗಿತ್ತು. ಬಸುರಿಯಾದಾಗಿನಿಂದ ದಿನಕ್ಕೊಂದು ಮೊಟ್ಟೆ ಕೊಳ್ಳುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಸ್ಕ್ಯಾನಿಂಗ್ ಮಾಡ್ಸಿದ್ರು ಕಣಕ್ಕ. ಮಗು ತೂಕ ಬಂದಿಲ್ವಂತೆ. ದಿನಾ ಎರಡು ಮೊಟ್ಟೆ ತಿನ್ನು ಅಂತ ಮೊದ್ಲಿಂದ್ಲೂ ಹೇಳ್ತಾವ್ರೆ ಡಾಕ್ಟ್ರು. ನಮ್ ಕೈಲಾಗೋದು ದಿನಕ್ಕೆ ನಿನ್ ನಾಟಿ ಒಂದೇ. ಅದೇ ದುಡ್ಡಿಗೆ ಫಾರಂದಾದ್ರೆ ಎರಡು ಬರ್ತವೆ. ಅದ್ರಲ್ಲಿ ಸತ್ವಿಲ್ಲ, ಬ್ಯಾಡ ಅಂದ್ರು ನಮ್ಮತ್ತೆ."

ರಾಜಲಕ್ಷ್ಮಮ್ಮ ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತಳು. ಇಷ್ಟು ತಿಂಗಳಿಂದ ಹೊಟ್ಟೆಯೊಳಗಿನ ಕೂಸಿನ ಪಾಲನ್ನು ತಾನೇ ಕಿತ್ತುಕೊಂಡಿದ್ದು ಅವಳಿಗೆ ಆಗ ಹೊಳೆಯಿತು. ಸುಮ್ಮನೆ ಎದ್ದು ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಒಂಚೂರು ಹುಣಸೆಹಣ್ಣು, ನೀರು ಕೊಡು ತಾಯಿ," ಎಂದಳು.

ಹಿತ್ತಾಳೆ ಚೊಂಬು ಬೆಳಗುವ ಹಾಗೆ ಒಂದು ಮೊಟ್ಟೆಯನ್ನು ತಿಕ್ಕಿದಳು. ಕಂದು ನೀರು ಬೆರಳ ಸಂದಿಯಿಂದ ಇಳಿಯಿತು. ಬಿಳಿ ಚಿಪ್ಪು ಕಂಡಿತು.

"ನನ್ ಕೋಳಿ ಹೋದ್ ವರ್ಸವೇ ಸತ್ತೋದ್ವು ಕಣವ್ವ. ನೀನು ತಿಂದಿದ್ದೆಲ್ಲ ಫಾರಂದೇ." ಬುಟ್ಟಿಯನ್ನು ಹಾಗೇ ಅವಳ ಮುಂದೆ ಇಟ್ಟಳು. "ಇವನ್ನ ಮಡಿಕ್ಕ. ನಾಳಿಂದ ದಿನಾ ಎರಡು ತಂದ್ಕೊಡ್ತೀನಿ, ದುಡ್ಡು ಬ್ಯಾಡ. ಇನ್ನು ಬಣ್ಣ ಹಾಕಲ್ಲ. ಬೀದೀಲಿ ಎಲ್ರಿಗೂ ಹೇಳ್ಬುಟ್ಟೇ ಹೋಗ್ತೀನಿ."

ಧನಲಕ್ಷ್ಮಿ ಬಯ್ಯಲಿಲ್ಲ. ಒಂದು ಕೈಯಲ್ಲಿ ಆ ಬಿಳಿ ಮೊಟ್ಟೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ತಲೆ ಎತ್ತಿದಳು.

"ಅಂಗಾರೆ ನಾನು ದಿನಾ ಎರಡು ತಿನ್ಬೋದಿತ್ತಲ್ವೇನಕ್ಕ?"