ಕಲ್ಲಿನ ಡಬ್ಬಿಯ ಬೇಸ್

ಸೆಕೆಂಡ್ ಪಿಯುಸಿ ಮುಗಿದ ಮೇಲೆ ನಾನು ಡಿ.ಎಡ್ ಮಾಡಿ ಟೀಚರಾಗಬೇಕು ಎನ್ನುವುದು ಅಪ್ಪನ ತೀರ್ಮಾನ. ಗುಲಬರ್ಗಾಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾನೇ ಮಾಡುತ್ತೇನೆ ಎನ್ನುವುದು ನನ್ನ ಹಟ. ಅಪ್ಪ ಸಂಗಮೇಶ್ವರ ಇಪ್ಪತ್ತೆರಡು ವರ್ಷದಿಂದ ಕನ್ನಡ ಶಾಲೆಯ ಮಾಸ್ತರು. ಭಂಕೂರದ ನಮ್ಮ ಮನೆಯಲ್ಲಿ ಎರಡು ತಿಂಗಳು ಜಗಳ ನಡೆದು ಕಡೆಗೊಂದು ಕರಾರಾಯಿತು.

"ಚಿತ್ತಾಪುರದಾಗ ವಿಜ್ಞಾನ ಮಾಡೆಲ್ ಸ್ಪರ್ಧಾ ಅದ. ಅದ್ರಾಗ ಫಸ್ಟ್ ಬಾ, ಡಿಪ್ಲೊಮಾಕ್ಕ ಹೋಗು. ಬರಲಿಲ್ಲಾ, ಬಾಯಿ ಮುಚ್ಕೊಂಡು ಡಿ.ಎಡ್ ಫಾರ್ಮ್ ತುಂಬು."

ಏನು ಮಾಡಬೇಕೆಂದು ನನಗೆ ಆಗಲೇ ಗೊತ್ತಿತ್ತು. ನನ್ನ ವಾಕ್‌ಮನ್‌ನಲ್ಲಿ ತಬಲಾ ಬಾರಿಸಿದರೆ ಹಪ್ಪಳ ಮುರಿದಂತೆ ಕೇಳುತ್ತಿತ್ತು. ಅದಕ್ಕೆ ಬೇಸ್, ಅಂದರೆ ದಪ್ಪ ದನಿ, ಹೆಚ್ಚಿಸುವ ಒಂದು ಹೆಡ್‌ಫೋನ್ ಆಂಪ್ಲಿಫೈಯರ್! ವಾಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮಜೀದಸಾಬರು ಹಳೆಯ ಸೆಟ್ಟಿನಿಂದ ಐಸಿ ಚಿಪ್ ಬಿಚ್ಚಿ ಕೊಟ್ಟರು.

"ಬೇಟಿ, ಇಲ್ಲಿ ಈ ಕೆಪಾಸಿಟರ್ ಹಾಕು, ದಪ್ಪ ದನಿ ಮುಂದ ಬರ್ತದ. ಮ್ಯಾಲ ತಗಡಿನ ಡಬ್ಬಿ ಹಾಕೋದು ಮರೀಬ್ಯಾಡ. ಇಲ್ಲಂದ್ರ ಗಾಳಿಯಾಗಿನ ಕಸ ಎಲ್ಲಾ ಒಳಗ ಬರ್ತದ."

ಎರಡು ಬೆರಳು ಸುಟ್ಟುಕೊಂಡು, ಮೂರು ಸಲ ಬಿಚ್ಚಿ ಮತ್ತೆ ಬೆಸೆದು, ನಾಲ್ಕನೇ ಸಲಕ್ಕೆ ಹಾಡು ಹಚ್ಚಿದೆ. ಅಬ್ಬಾ! ಎದೆಯೊಳಗೆ ಯಾರೋ ಕೌದಿ ಝಾಡಿಸಿದಂತಾಯಿತು. ಅವ್ವನ ಕಿವಿಗೆ ಹಾಕಿದೆ. ಅವಳು ಎರಡೇ ಕ್ಷಣಕ್ಕೆ ಕಿತ್ತು ಕೊಟ್ಟಳು.

"ಯವ್ವಾ, ತಲಿಯಾಗ ರೊಟ್ಟಿ ಬಡದಂಗ ಆಗಲಿಕತ್ತದ!"

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅಜ್ಜ ನಡುವೆ ಬಂದ.

ಅಜ್ಜ ಗುರುಲಿಂಗಯ್ಯ ಜೀವನವಿಡೀ ಶಹಾಬಾದ ಕಲ್ಲು ಕೊಯ್ದು ಪಾಲಿಶ್ ಮಾಡಿದವನು. ನಮ್ಮ ಮನೆಯ ನೆಲ ಕಲ್ಲು, ಮಾಳಿಗೆ ಕಲ್ಲು, ಕಪಾಟು ಕಲ್ಲು, ನನ್ನ ಓದುವ ಮೇಜೂ ಕಲ್ಲು. ನಾನು ತಂದಿಟ್ಟಿದ್ದ ತಗಡಿನ ಡಬ್ಬಿಯನ್ನು ಅವನು ಬೆರಳಿನಿಂದ ಚಿಮ್ಮಿದ.

"ಇದೇನು ಡಬ್ಬೇನ? ಸೀನಿದ್ರ ಹಾರಿ ಹೋಗ್ತದ. ದನಿ ವಜ್ಜ ಬೇಕಂದ್ರ ಡಬ್ಬಿ ವಜ್ಜ ಇರಬೇಕು."

"ಅಜ್ಜಾ, ಡಬ್ಬಿಗೂ ಬೇಸಿಗೂ ಸಂಬಂಧ ಇಲ್ಲೋ."

"ನೀ ಎಷ್ಟು ಕಲ್ಲು ಕೊಯ್ದೀದಿ?"

ಮೂರು ದಿನದಲ್ಲಿ ಅಜ್ಜನ ಕಲ್ಲಿನ ಡಬ್ಬಿ ತಯಾರಾಯಿತು. ಆರು ಹಲಗೆ ಜೋಡಿಸಿ, ಅಂಟು ಹಾಕಿ, ವೈರಿಗೆ ತೂತು ಕೊರೆದು, ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದ. ಆರು ಕಿಲೋ! ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಖರೇ ಹೇಳಬೇಕೆಂದರೆ ಭಾಳ ಚಂದ ಇತ್ತು. ತಗಡು ಬಿಟ್ಟು ಆಂಪ್ಲಿಫೈಯರನ್ನು ಅದರೊಳಗೇ ಕೂರಿಸಿದೆ.

ಸ್ಪರ್ಧೆಯ ದಿನ ಅಜ್ಜ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ಹೆಗಲ ಮೇಲೆ ಹೊತ್ತು ಚಿತ್ತಾಪುರಕ್ಕೆ ತಂದ. ಅಪ್ಪ ನಮಗೂ ತನಗೂ ಪರಿಚಯವಿಲ್ಲದಂತೆ ಹತ್ತು ಹೆಜ್ಜೆ ಹಿಂದೆ ಬಂದ.

ತೀರ್ಪುಗಾರರು ಸೇಡಂ ಕಡೆಯ ಗೋಪಾಲ ಸರ್. ಅವರು ಹೆಡ್‌ಫೋನ್ ಹಾಕಿಕೊಂಡರು. ಆಮೇಲೆ ತಲೆ ಆಡಿಸಿದರು. ಕುರ್ಚಿ ಎಳೆದು ಕುಳಿತರು. ಹತ್ತು ನಿಮಿಷವಾದರೂ ಏಳಲಿಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡರು.

"ನೋಡಿದೇನು? ಕಲ್ಲು ಕೆಲಸ ಮಾಡ್ತು," ಎಂದ ಅಜ್ಜ ನನ್ನ ಕಿವಿಯಲ್ಲಿ.

ಸರ್ ತಲೆ ಎತ್ತಿದರು. "ಎರಡನೇ ಸಲ ಯಾವಾಗ ಹೊಡೀಬೇಕಂದ?"

"ಏನು ಹೊಡೀಬೇಕ್ರಿ ಸರ್?"

"ಎಣ್ಣಿ! ಹುಳದ ಔಷಧ! ತೊಗರಿಗಿ! ನಮ್ಮ ಹೊಲದಾಗ ಕಾಯಿಗೆಲ್ಲಾ ಹುಳಾ ಬಿದ್ದಾವ."

ನಾನು ಹೆಡ್‌ಫೋನ್ ಕಿತ್ತುಕೊಂಡು ಕಿವಿಗೆ ಹಚ್ಚಿದೆ. ವಾಕ್‌ಮನ್‌ನ ಕ್ಯಾಸೆಟ್ ಯಾವಾಗಲೋ ಮುಗಿದಿತ್ತು. ರೇಡಿಯೋದ ರೈತರ ಕಾರ್ಯಕ್ರಮ ನೇರ ನನ್ನ ಆಂಪ್ಲಿಫೈಯರಿಗೆ ಇಳಿದಿತ್ತು! ಕಾಯಿಕೊರಕ ಹುಳದ ಬಗ್ಗೆ ಯಾರೋ ಸಂಭಾವಿತರು ಮಾತಾಡುತ್ತಿದ್ದರು. ನನ್ನ ಬೇಸಿನ ದೆಸೆಯಿಂದ ಅವರ ದನಿ ಸಾಕ್ಷಾತ್ ಯಮನ ಕೋಣ ಸಲಹೆ ಕೊಟ್ಟಂತೆ ಬರುತ್ತಿತ್ತು.

"ಕಲ್ಲಿನ ರೇಡಿಯೋ!" ಗೋಪಾಲ ಸರ್ ಎದ್ದು ನಿಂತರು. "ಟ್ಯೂನ್ ಮಾಡೋದೂ ಬ್ಯಾಡ, ಏರಿಯಲ್ಲೂ ಬ್ಯಾಡ. ಏನು ತಲಿ ನಿಂದು! ಫಸ್ಟ್!"

ಅವರ ಪೆನ್ನು ಹಾಳೆಯ ಮೇಲೆ ಇಳಿಯುತ್ತಿತ್ತು. ನಾನು ಸುಮ್ಮನೆ ನಿಂತರೆ ಸಾಕಿತ್ತು. ಡಿಪ್ಲೊಮಾ, ಗುಲಬರ್ಗಾ, ಹಾಸ್ಟೆಲ್, ಎಲ್ಲಾ ಆ ಪೆನ್ನಿನ ತುದಿಯಲ್ಲಿತ್ತು. ಆದರೆ ನನ್ನ ಹಾಳು ಬಾಯಿ!

"ಸರ್, ಅದು ರೇಡಿಯೋ ಅಲ್ರಿ. ಹಾಡಿನ ಬೇಸ್ ಹೆಚ್ಚು ಮಾಡೋದದು. ನಂದು ತಪ್ಪಾಗ್ಯದ. ಉದ್ದನ ವೈರೇ ಏರಿಯಲ್ ಆಗ್ಯದ. ತಗಡು ಹಾಕಿದ್ರ ಸ್ಟೇಷನ್ ಒಳಗ ಬರ್ತಿರಲಿಲ್ಲ, ಕಲ್ಲು ತಡೆಯೋದಿಲ್ಲ."

"ಏ ಹುಚ್ಚಿ, ಸುಮ್ಕಿರು!" ಎಂದು ಅಜ್ಜ ನನ್ನ ಜಡೆ ಜಗ್ಗಿದ.

ಸರ್ ಮುಖ ಇಳಿಯಿತು. "ಅಂದ್ರ ಇದು ಬೇಕಂತ ಮಾಡಿದ್ದಲ್ಲಾ?"

"ಅಲ್ರಿ."

ಫಸ್ಟ್ ಪ್ರೈಜು ಪಕ್ಕದ ಮೇಜಿನ ಜ್ವಾಲಾಮುಖಿಗೆ ಹೋಯಿತು. ಸೋಡಾ ಹಾಕಿದರೆ ನೊರೆ ಉಗುಳುವ ಅದೇ ಜ್ವಾಲಾಮುಖಿ! ಆದರೂ ಔಷಧದ ಹೆಸರು ಕೇಳುವವರೆಗೆ ಸರ್ ಮತ್ತೆ ಕಿವಿಗೇರಿಸಿದ್ದ ನಮ್ಮ ಹೆಡ್‌ಫೋನ್ ವಾಪಸು ಕೊಡಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದೆವು. ನಾನೇ ಹೇಳಿದೆ. "ಮಾತು ಮಾತೇ, ಅಪ್ಪಾ. ಡಿ.ಎಡ್ ಫಾರ್ಮ್ ತುಂಬ್ತೀನಿ."

"ಏನು ತುಂಬ್ತಿ, ಮಣ್ಣು!" ಅಪ್ಪ ಸಿಡಿದ. "ಇಪ್ಪತ್ತೆರಡು ವರ್ಷ ಆಯ್ತು. ಬೋರ್ಡಿನ ಮ್ಯಾಲ ನಾ ತಪ್ಪು ಬರದ್ರ 'ಯಾರು ಹಿಡೀತೀರಿ ನೋಡೋಣಂತ ಬರದೀನಿ' ಅಂತೀನಿ. ಗಣಿತ ತಪ್ಪಿದ್ರ ಪುಸ್ತಕ ತಪ್ಪದ ಅಂತೀನಿ. ನೀ ನೋಡಿದ್ರ, ಫಸ್ಟ್ ಕೊಡ್ತೀನಂದ್ರೂ ಕೈಮುಗದು ತಪ್ಪು ಒಪ್ಕೊಂಡಿ. ಅದೂ ಕಾರಣಾ ಸಮೇತ! ನಿನ್ನಂಥಾಕಿಗಿ ನಾಕನೇ ಕ್ಲಾಸಿನ ಹುಡುಗ್ರು ಎರಡು ದಿನದಾಗ ಕೊರದು ತಿಂತಾರ."

ನಾನು ಅಜ್ಜನ ಮುಖ ನೋಡಿದೆ. ಅಜ್ಜ ಕಲ್ಲಿನ ಡಬ್ಬಿಯ ಮೇಲೆ ಕುಳಿತು ಬಸ್ಸಿನ ದಾರಿ ನೋಡುತ್ತಿದ್ದ.

"ಮಾಸ್ತರ್ಕಿ ನಿನ್ನ ಕೈಲಿ ಆಗೋದಲ್ಲ," ಎಂದ ಅಪ್ಪ, ಭಾಳ ಬೇಸರದಿಂದ. "ಸೋಮವಾರ ಗುಲಬರ್ಗಾಕ್ಕ ಹೋಗಿ ಡಿಪ್ಲೊಮಾ ಫಾರ್ಮ್ ತರೋಣು. ಬ್ಯಾರೆ ಹಾದಿ ಏನದ?"